ನೀಲವ್ವ ಕಲಿಸಿದ ದೀಡಕಿ

ಬೇವಿನ ಒಣ ಎಲೆ ಬೆರೆಸಿಟ್ಟ ಜೋಳದ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಈ ವಯಸ್ಸಿನಲ್ಲೂ ಉಸಿರು ಕಟ್ಟುತ್ತದೆ. ಮೊನ್ನೆ ಸೊಲ್ಲಾಪುರದ ಕಾಳಿನ ಪೇಟೆಯಲ್ಲಿ ಹಾಗೇ ಆಯಿತು. ನಿಂತಲ್ಲೇ ಗೋಡೆ ಹಿಡಿದುಕೊಂಡೆ. ಮೊಮ್ಮಗಳು ಗಾಬರಿಯಾಗಿ, "ಏನಾತ ಆಯಿ? ಚಕ್ಕರ ಬಂತೇನ?" ಎಂದಳು. ಚಕ್ಕರ ಅಲ್ಲ ಮಗಳೇ, ಸಾಲಿ ನೆನಪಾಯಿತು ಎಂದರೆ ಅವಳಿಗೆ ತಿಳಿಯುತ್ತಿತ್ತೇ? ಅವಳಿಗೆ ಸಾಲಿ ಎಂದರೆ ಅಂಗಳ, ಗಂಟೆ, ಚೀರಾಟ. ನನಗೆ ಸಾಲಿ ಎಂದರೆ ನಮ್ಮ ವಾಡೆಯ ಹಿಂಭಾಗದ ಕಾಳಿನ ಕೋಣೆ: ಕಲ್ಲಿನ ಗೋಡೆ, ಎದೆಯೆತ್ತರ ಪೇರಿಸಿದ ಚೀಲಗಳು, ಮೇಲೆಲ್ಲೋ ಅಂಗೈಯಗಲದ ಒಂದು ಬೆಳಕಿಂಡಿ, ಹೊರಗಿನಿಂದ ಚಿಲಕ ಹಾಕುವ ಒಂದೇ ಬಾಗಿಲು.

ಅಕ್ಕಲಕೋಟೆಗೆ ಇನ್ನೂ ರಾಜರಿದ್ದ ಕಾಲ ಅದು. ವಳಸಂಗದ ಆಚೆಯ ನಮ್ಮ ಹಳ್ಳಿಯಲ್ಲಿ ಚಾವಡಿಯ ಸಾಲಿ ಇತ್ತು, ಇರಲಿಲ್ಲವೆಂದಲ್ಲ. ಆದರೆ ಅಲ್ಲಿ ಕಲಿಸುವುದು ಮರಾಠಿ. ಮೇಲಾಗಿ ಅಲ್ಲಿಗೆ ಊರಿನ ಎಲ್ಲರ ಮಕ್ಕಳೂ ಬರುತ್ತಾರೆ. ಮೊದಲನೆಯ ಕಾರಣವನ್ನು ನಮ್ಮಜ್ಜ ಗಟ್ಟಿಯಾಗಿ ಹೇಳುತ್ತಿದ್ದ, ಎರಡನೆಯದನ್ನು ಮೀಸೆಯೊಳಗೇ ಗೊಣಗುತ್ತಿದ್ದ. ಹೀಗಾಗಿ ಹೊಲಮನೆಯುಳ್ಳ ಮೂರು ಮನೆತನಗಳು ಕೂಡಿ, ಕನ್ನಡ ಬಲ್ಲ ಒಬ್ಬ ಮಾಸ್ತರರನ್ನು ಅಕ್ಕಲಕೋಟೆಯಿಂದ ಕರೆತಂದು ನಮ್ಮ ವಾಡೆಯಲ್ಲೇ ಇಟ್ಟುಕೊಂಡವು. ನಾವು ಆರು ಮಕ್ಕಳು. ನಾಲ್ವರು ಹುಡುಗರು, ಒಂಬತ್ತು ವರ್ಷದ ನಾನು, ಇನ್ನೊಂದು ಮನೆತನದ ಹನ್ನೆರಡರ ನೀಲವ್ವ. ಬೆಳಿಗ್ಗೆ ನಾವು ಒಳಗೆ ಹೋದೆವೆಂದರೆ ನಮ್ಮ ಆಯಿ, ಅಜ್ಜನ ಹೆಂಡತಿ, ಹೊರಗಿನಿಂದ ಚಿಲಕ ಜಡಿಯುತ್ತಿದ್ದಳು. ಹುಡುಗರು ಬಾವಿಗೆ ಓಡಬಾರದು, ಹುಡುಗಿಯರು ಬಂದವರ ಕಣ್ಣಿಗೆ ಬೀಳಬಾರದು. ಪಾಪ, ಮಾಸ್ತರರೂ ನಮ್ಮೊಡನೆ ಒಳಗೇ. ಬಿಸಿಲೇರಿದರೆ ರುಮಾಲು ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ, "ಏನ ಮಾಡೂದ್ರೆಪಾ, ನಾನೂ ನಿಮ್ಮಂಗ ಕೈದಿನ," ಎನ್ನುತ್ತಿದ್ದರು.

ಚಿಲಕಕ್ಕಿಂತ ಬಿಗಿಯಾದದ್ದು ಇನ್ನೊಂದಿತ್ತು. ನಮ್ಮಲ್ಲಿ ಊಟದ ಪಂಕ್ತಿಯಲ್ಲಿ ಕೂತವರು ಎಲ್ಲರ ಊಟ ಮುಗಿಯುವವರೆಗೆ ಏಳುವಂತಿಲ್ಲ. ಒಬ್ಬ ಎದ್ದರೆ ಉಳಿದವರಿಗೆ ಅವಮಾನ. ಇದು ಊಟಕ್ಕೆ ಸರಿ. ನಮ್ಮ ಹಿರಿಯರು, ಅವರ ಜಾಣತನಕ್ಕೆ ಏನೆನ್ನಲಿ, ಇದನ್ನೇ ತಂದು ಪುಸ್ತಕಕ್ಕೂ ಹಚ್ಚಿದರು. ಒಂದು ಮನೆಯ ಕೂಸು ಮುಂದೆ ಹೋಗಿ ಇನ್ನೊಂದು ಮನೆಯದು ಹಿಂದೆ ಉಳಿದರೆ ಆ ಮನೆತನದ ಮರ್ಯಾದೆ ಏನಾಗಬೇಕು? ಅದಕ್ಕೆ ಯುಗಾದಿಯ ಹಿಂದಿನ ದಿನ ಪಡಸಾಲೆಯಲ್ಲಿ ಹಿರಿಯರ ಮುಂದೆ ಆರೂ ಮಕ್ಕಳು ಸಾಲಾಗಿ ನಿಂತು ಒಪ್ಪಿಸಬೇಕು. ಎಲ್ಲರಿಗೂ ಬಂದರೆ ಎಲ್ಲರಿಗೂ ಹೊಸ ಪುಸ್ತಕ. ಒಬ್ಬರು ತಡವರಿಸಿದರೂ ಆರು ಜನವೂ ಮತ್ತೊಂದು ವರ್ಷ ಅದೇ ಪುಸ್ತಕದೊಳಗೆ. ಮಾಸ್ತರರು ಒಮ್ಮೆ, "ಜಾಣ ಕೂಸಿನ್ನ ತಡೀಬಾರದ್ರಿ ಗೌಡ್ರ," ಎಂದು ನೋಡಿದರು. ಅಜ್ಜ ನಕ್ಕು, "ಪಂಕ್ತಿ ಅಂದ್ರ ಪಂಕ್ತಿ ಮಾಸ್ತರ," ಎಂದ. ಅಲ್ಲಿಗೆ ಮುಗಿಯಿತು.

ಆ ಜಾಣ ಕೂಸು ನೀಲವ್ವ. ಮಾಸ್ತರರು ಅರ್ಧ ಹೇಳುವಷ್ಟರಲ್ಲಿ ಪೂರ್ತಿ ತಿಳಿದುಕೊಂಡು, ಉಳಿದ ಹೊತ್ತೆಲ್ಲ ಬೆಳಕಿಂಡಿಯನ್ನು ನೋಡುತ್ತ ಕೂರುತ್ತಿದ್ದಳು. ಎರಡು ವರ್ಷ ಅದೇ ಮೂರನೆಯ ಪುಸ್ತಕ. ಅವಳ ಪ್ರತಿಯ ಅಂಚುಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು. ಸೊಲ್ಲಾಪುರದ ಗಿರಣಿಯಲ್ಲಿ ಕಾರಕೂನನಾಗಿದ್ದ ಅವಳ ಸೋದರಮಾವ ಆ ವರ್ಷ ಬಂದು, "ಈ ಯುಗಾದಿಗಿ ಮೂರನೇದು ಮುಗಿಸಲಿ, ನಾ ಕರಕೊಂಡ ಹೋಗಿ ಹೆಣ್ಣಮಕ್ಕಳ ಸಾಲಿಗಿ ಹಾಕ್ತೀನಿ. ಮಾಸ್ತರಿಣಿ ಆಗ್ಲಿ," ಎಂದಿದ್ದ. ಅವಳ ಅಪ್ಪ ಹೂಂ ಎಂದಿದ್ದ. ಮುಗಿಸದಿದ್ದರೆ ದುಧನಿಯ ವರ ಗೊತ್ತಾಗಿಯೇ ಇದ್ದ. ಮಾಸ್ತರಿಣಿ! ಆ ಮಾತನ್ನು ಅವಳು ಬಾಯಲ್ಲಿ ಬೆಲ್ಲ ಇಟ್ಟುಕೊಂಡಂತೆ ಇಟ್ಟುಕೊಂಡು ಓಡಾಡಿದಳು. ಹುಡುಗರು ಹೇಗೋ ಆ ವರ್ಷ ದಾರಿಗೆ ಬಂದಿದ್ದರು. ಉಳಿದ ದಡ್ಡಿ ನಾನೊಬ್ಬಳೇ. ಒಂದೂವರೆಯ ಮಗ್ಗಿ, ನಾವು ದೀಡಕಿ ಎನ್ನುತ್ತಿದ್ದೆವು, ಅದು ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ.

ಮೂರು ತಿಂಗಳು ನೀಲವ್ವ ನನ್ನ ಬೆನ್ನು ಹತ್ತಿದಳು. ಮಧ್ಯಾಹ್ನ ಚಿಲಕ ತೆಗೆದ ಮೇಲೆ ಅಡುಗೆಮನೆಯ ಹಿಂದೆ ಕೂರಿಸಿಕೊಂಡು ಬುಟ್ಟಿಯೊಳಗಿನ ಜೋಳದ ರೊಟ್ಟಿ ತೆಗೆದು ಮುರಿಯುತ್ತಿದ್ದಳು. ಬಿಸಿ ರೊಟ್ಟಿಯ ಸುಟ್ಟ ವಾಸನೆ, ಅವಳ ಬೆರಳ ತುದಿಯ ಹಿಟ್ಟು ಈಗಲೂ ನೆನಪಿದೆ. "ಮಗ್ಗಿ ಬಿಟ್ಟ ಬಿಡು. ಪಂಕ್ತ್ಯಾಗ ಒಬ್ಬೊಬ್ಬಗ ಒಂದೂವರಿ ರೊಟ್ಟಿ. ಮೂರ ಮಂದಿ ಕುಂತ್ರ ಎಷ್ಟ ಬೇಕವಾ?" ನಾನು ನಾಲ್ಕು ಇಡಿ, ಒಂದು ಅರ್ಧ ಎಂದು ಎಣಿಸಿ, "ಸಾಡೇ ನಾಕು," ಎನ್ನುತ್ತಿದ್ದೆ. "ಅದೋ! ಬಂತಲ್ಲ! ಯಾರ ಅಂದ್ರ ನಿನಗ ದಡ್ಡಿ ಅಂತ?" ಎಂದು ಆ ಅರ್ಧ ರೊಟ್ಟಿಗೆ ಬೆಣ್ಣೆ ಸವರಿ ನನ್ನ ಬಾಯಿಗೇ ಇಡುತ್ತಿದ್ದಳು. ಮಾಸ್ತರರ ಬೆತ್ತದಿಂದ ಆಗದ್ದು ರೊಟ್ಟಿಯಿಂದ ಆಯಿತು. ಯುಗಾದಿಗೆ ಎಂಟು ದಿನ ಇರುವಾಗಲೇ ನನಗೆ ದೀಡಕಿ ಪೂರಾ ಬಂದುಬಿಟ್ಟಿತ್ತು.

ಒಪ್ಪಿಸುವ ದಿನ ಬೆಳಿಗ್ಗೆ ಅವ್ವ ನನ್ನ ತಲೆ ಬಾಚುತ್ತ ಯಾರಿಗೋ ಹೇಳುತ್ತಿದ್ದಳು: "ನೀಲಾ ಸೊಲ್ಲಾಪುರಕ್ಕ ಹ್ವಾದ್ರ ಇಕಿ ಸಾಲೀನೂ ಮುಗೀತು. ಹುಡುಗೂರ ನಡು ಒಬ್ಬಾಕಿನ್ನ ಕೂಡಸೂದಿಲ್ಲಂತ ಮಾವ್ನವ್ರು." ಮಾವನವರೆಂದರೆ ನಮ್ಮಜ್ಜ. ಬಾಚಣಿಗೆ ಜಡೆಯಲ್ಲಿ ಸಿಕ್ಕಿಕೊಂಡಿತು. ಆ ಕೋಣೆ ನನಗೆ ಜೈಲು, ನಿಜ. ಆದರೆ ಅಲ್ಲಿ ನೀಲಕ್ಕ ಇದ್ದಳು. ಅದರಿಂದ ಬಿಡಿಸಿದರೆ ನಾನು ಹೋಗಬೇಕಾದದ್ದು ಬೀದಿಗಲ್ಲ, ಆಯಿಯ ಮಡಿ, ಒಲೆ, ಬೀಸುವ ಕಲ್ಲಿನ ನಡುವಿನ ಇನ್ನೂ ಚಿಕ್ಕದೊಂದು ಕತ್ತಲೆಗೆ. ಪಡಸಾಲೆಯಲ್ಲಿ ಹುಡುಗರು ಒಪ್ಪಿಸಿದರು. ನೀಲವ್ವ ಒಪ್ಪಿಸಿದಳು. ನಾನು ಶುರುಮಾಡಿದೆ, ಒಂದು ದೀಡ, ಎರಡು ದೀಡ, ಆರರವರೆಗೆ ಸರಾಗ. ಏಳು ದೀಡ ಎಂದಾಗ ಪಕ್ಕಕ್ಕೆ ನೋಡಿದೆ. ನೀಲವ್ವ ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಸಾಡೇ ಹತ್ತು. ನನ್ನ ನಾಲಿಗೆಯ ಮೇಲೆ ಕೂತಿತ್ತು. ನಾನು ಬಾಯಿ ಮುಚ್ಚಿದೆ. ಮಾಸ್ತರರು, "ಹೇಳು ಕೂಸ, ಹೇಳು," ಎಂದರು. ತಲೆ ತಗ್ಗಿಸಿ ನೆಲ ನೋಡಿದೆ. ಅಜ್ಜ ಎಲೆ ಅಡಿಕೆಯ ತಟ್ಟೆ ಎಳೆದುಕೊಂಡು, "ಇರ್ಲಿ, ಬರೂ ವರ್ಷ ನೋಡೂಣು," ಎಂದ.

ಒಂಬತ್ತು ವರ್ಷದ ಮೂಢ ಲೆಕ್ಕ ನನ್ನದು: ಅವಳು ಇನ್ನೊಂದು ವರ್ಷ ನನ್ನೊಡನೆ ಇರುತ್ತಾಳೆ. ವರ ಎಂಬ ಮಾತನ್ನು ಕೇಳಿದ್ದೆ, ಅದು ಇಷ್ಟು ಬೇಗ ನಡೆದುಬಿಡುತ್ತದೆ ಎಂದು ತಿಳಿದಿರಲಿಲ್ಲ. ವೈಶಾಖದಲ್ಲಿ ನೀಲವ್ವನ ಮದುವೆಯಾಯಿತು. ಅವಳು ಗಾಡಿ ಹತ್ತಿದ ಮರುದಿನವೇ ನಾನು ಬರೆಯುತ್ತಿದ್ದ ಕಲ್ಲಿನ ಪಾಟಿಯನ್ನು ಅವ್ವ ಅಟ್ಟಕ್ಕೆ ಹಾಕಿದಳು. ಹುಡುಗರು ಮುಂದಿನ ಯುಗಾದಿಗೆ ಹೊಸ ಪುಸ್ತಕ ಹಿಡಿದರು. ಸಾಲಿ ನನಗೂ ಉಳಿಯಲಿಲ್ಲ, ಅವಳಿಗೂ ಸಿಗಲಿಲ್ಲ. ಥೂ ನನ್ನ!

ಹತ್ತು ವರ್ಷದ ಮೇಲೆ, ನಾನೂ ಒಂದು ಕೂಸಿನ ತಾಯಿಯಾಗಿ, ದುಧನಿ ಸ್ಟೇಷನ್ನಿನಲ್ಲಿ ಇಳಿದು ಅವಳ ಮನೆಗೆ ಹೋದೆ. ಮೈ ತುಂಬಿಕೊಂಡಿದ್ದಳು, ನಗು ಮಾತ್ರ ಅದೇ. ಮಾತಾಡುತ್ತ ಕೂತಾಗ ಅವಳ ಮಗಳು ಪಾಟಿ ತಂದು ಮಡಿಲಿಗಿಟ್ಟು, "ಇದ ಹೇಳಿಕೊಡವ್ವಾ," ಎಂದಳು. ನೀಲವ್ವ ಪಾಟಿಯತ್ತ ನೋಡಲೂ ಇಲ್ಲ. "ನಿಮ್ಮಪ್ಪನ ಕಡೆ ಹೋಗವಾ. ನನಗ ಕಲಸಾಕ ಬರೂದಿಲ್ಲ," ಎಂದು ಅದನ್ನು ಮೆಲ್ಲಗೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ನನ್ನ ಮನಸ್ಸಿಗೆ ನೋವಾದೀತೆಂದು ಕೈ ಹಿಡಿದು ಹೇಳಿದಳು: "ಖರೇನ ತಂಗಿ, ನಿಂದೇನ ತಪ್ಪಿಲ್ಲ. ಮೂರ ತಿಂಗಳ ಹೇಳಿಕೊಟ್ರೂ ನಿನಗ ತಿಳಿಸಾಕ ಆಗಲಿಲ್ಲ ನೋಡು, ಅವತ್ತ ತಿಳಕೊಂಡೆ. ನಾ ಮಾಸ್ತರಿಣಿ ಆಗೂ ಪೈಕಿ ಅಲ್ಲ. ದೇವ್ರು ಛಲೋ ಮಾಡಿದ, ಸೊಲ್ಲಾಪುರಕ್ಕ ಹೋಗಿ ನಾಕ ಮಂದ್ಯಾಗ ನಗೆಪಾಟಲಾಗೂದು ತಪ್ಪಿತು."

ನಾನು ಬಾಯಿ ತೆರೆದೆ. "ನೀಲಕ್ಕಾ..." ಎಂದೆ. ಅವಳು, "ಏನ ತಂಗಿ?" ಎಂದಳು. "ಒಂದೀಟ ನೀರ ಕೊಡು," ಎಂದೆ. ಎದ್ದು ಹೋಗಿ ತಂಬಿಗೆ ತುಂಬ ತಂದಳು. ಕುಡಿದೆ. ಈಗ ಅವಳು ತೀರಿಹೋಗಿ ಎಷ್ಟೋ ವರ್ಷಗಳಾದವು, ಆ ಮೂರು ಮನೆತನಗಳೂ ಚದುರಿದವು, ವಾಡೆ ಬಿದ್ದು ಬಯಲಾಯಿತು. ಅವಳಿಗೆ ಕಲಿಸಲು ಬರುತ್ತಿತ್ತು. ಎಷ್ಟು ಚೆಂದ ಬರುತ್ತಿತ್ತೆಂದು ಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ, ಅವಳಿಗೆ ನಾನು ಹೇಳಲಿಲ್ಲ.