ಕಾಲಡಿಗೆ ಎಂತ ಇತ್ತ್?

ಅಕ್ಕನ ಮದುವೆ ಮಾತಿಗೆ ಬರುವ ಹುಡುಗನ ಕಡೆಯವರ ಊಟಕ್ಕೆಂದು ಎತ್ತಿಟ್ಟಿದ್ದ ಅಂಜಲ್ ಮೀನನ್ನು, ಅವರು ಬರುವ ದಿನವೇ, ಮೇಲಿಂದ ಒಂದು ಭಾಷಣವನ್ನೂ ಬಿಗಿದು ದಾರಿಹೋಕರಿಗೆ ಮಾರಿದವನು ನಾನು. ಕುಂದಾಪುರದ ಸುತ್ತಮುತ್ತ ಇಂಥ ಸಾಧನೆ ಮಾಡಿದವರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ, ಇಬ್ಬರೂ ಸೇರಿ ಒಂದು ಸಂಘ ಕಟ್ಟುವ.

ಮೀನು ಗಿರಿಜ ದೊಡ್ಡಮ್ಮನದು. ಮೀನು ಮಾರ್ಕೆಟ್ಟಿನಲ್ಲಿ ಅವರನ್ನು ಹುಡುಕುವುದು ಬಹಳ ಸುಲಭ. ಎಲ್ಲರೂ ಕೂಗುತ್ತಿರುವಾಗ ಕೂಗದೆ ಕೂತವರು ಅವರೊಬ್ಬರೇ. "ನಂಗ್ ಕೊಡಿ ಮಾರಾಯ್ರೆ, ವಂಡ್ಸೆ ಬಸ್ ಹೋತ್!" ಎಂದು ಗಿರಾಕಿಗಳು ಬೊಬ್ಬೆ ಹಾಕುತ್ತಿದ್ದರೆ, ದೊಡ್ಡಮ್ಮ ತಂಬಿಗೆಯಿಂದ ತಮ್ಮ ಪಾದಕ್ಕೆ ಸ್ವಲ್ಪ ನೀರು ಹೊಯ್ದುಕೊಂಡು, ಕೈಯಲ್ಲಿದ್ದ ಬಂಗುಡೆಯನ್ನು ಎತ್ತಿ ತೋರಿಸುತ್ತಿದ್ದರು. "ಹ್ವಾಯ್, ಈಗ ಈ ಮೀನ್. ನಿಮ್ಮ್ ಮೀನ್ ಇನ್ನೂ ನನ್ ಕೈಗೆ ಬರ್ಲಿಲ್ಲೆ."

ಒಮ್ಮೆ ದೊಡ್ಡಪ್ಪನ ದೋಣಿಯ ಎಂಜಿನ್ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವ ಜಾಗದಲ್ಲಿ, ಕೆಟ್ಟು ನಿಂತಿದೆ ಎಂದು ಫೋನ್ ಬಂತು. ಅಕ್ಕಪಕ್ಕದ ಹೆಂಗಸರು ಎದೆ ಬಡಿದುಕೊಂಡರು. ದೊಡ್ಡಮ್ಮನ ಪಕ್ಕದಲ್ಲಿ ಕೂತು ವ್ಯಾಪಾರ ಕಲಿಯುತ್ತಿದ್ದ ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿ ಮುಗಿಸಿ, ಇನ್ನಷ್ಟು ದೇವರ ಹೆಸರು ನೆನಪಾಗದೆ ಒದ್ದಾಡುತ್ತಿದ್ದೆ. ದೊಡ್ಡಮ್ಮ ಮಾತ್ರ ಕೈಯಲ್ಲಿದ್ದ ಮೀನನ್ನು ಕೆರೆಯುತ್ತಲೇ ಇದ್ದರು, ಅದರಲ್ಲಿ ಮುಖ ನೋಡಿ ತಲೆ ಬಾಚಬಹುದು ಎನ್ನುವಷ್ಟು ಹೊಳೆಯುವವರೆಗೆ. ಮಧ್ಯಾಹ್ನ ದೊಡ್ಡಪ್ಪ ನೆಟ್ಟಗೆ ಮನೆಗೆ ಬಂದು, ಸಾರಿಗೆ ಉಪ್ಪು ಕಮ್ಮಿ ಎಂದರು. ದೊಡ್ಡಮ್ಮನದು ಕಲ್ಲಿನೆದೆ ಎಂದು ನಾನು ಅಂದೇ ತೀರ್ಮಾನಿಸಿಬಿಟ್ಟೆ.

ಇನ್ನು ನನ್ನ ಸಾಧನೆಗೆ ಬರುತ್ತೇನೆ. ದೊಡ್ಡಮ್ಮನ ಮಗಳು ಸುಮಕ್ಕನಿಗೆ ಮೊದಲೊಂದು ಸಂಬಂಧ ಕೂಡಿಬಂದು ತಪ್ಪಿತ್ತು. ಬೈಂದೂರಿನ ಈ ಹುಡುಗ ಮಾತ್ರ ಅವಳ ಮನಸ್ಸಿಗೆ ಹಿಡಿಸಿದ್ದ. ಅವನ ಕಡೆಯವರು ಅವತ್ತು ಮೊದಲ ಸಲ ಮನೆಗೆ ಊಟಕ್ಕೆ ಬರುವವರಿದ್ದರು. ದೋಣಿಗಳಿಗೆ ದೊಡ್ಡ ಮೀನು ಸಿಕ್ಕಿರಲಿಲ್ಲ. ಇಡೀ ಮಾರ್ಕೆಟ್ಟಿಗೆ ಅದೊಂದೇ ಅಂಜಲ್. ದೊಡ್ಡಮ್ಮ ಅದನ್ನು ಒದ್ದೆ ಗೋಣಿಯಡಿ ಮುಚ್ಚಿಟ್ಟು, "ಸಾರಿಗೆ ಕಾಯಿ ತಕಂಡ್ ಬತ್ತೆ. ನೀ ಬಂಗ್ಡೆ ಮಾತ್ರ ಮಾರ್" ಎಂದು ಹೋದರು.

ಅಷ್ಟರಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಬಂದರು. ಗೋಣಿಯಿಂದ ಇಣುಕುತ್ತಿದ್ದ ಬಾಲ ಅವರ ಕಣ್ಣಿಗೆ ಬಿತ್ತು. "ನೆಂಟ್ರ್ ಮನೆಗೆ ಹೋಪುದ್. ಬರಿಗೈಯಗೆ ಹೋಪುಕಾತ್ತಾ? ಅದನ್ನ್ ಕೊಡ್ತ್ಯಾ?"

ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ದೊಡ್ಡಮ್ಮ ಹೇಳಿದ್ದು ತಲೆಯಿಂದ ಹಾರಿಹೋಯಿತು. "ಮರ್ಯಾದಿ ಉಳೀಕಾರೆ ಇದೇ ಮೀನ್ ಕಾಣಿ! ಬಂಗ್ಡೆ ತಕಂಡ್ ಹೋರೆ ನೆಂಟ್ರ್ ಮುಖ ತಿರ್ಗ್ಸ್ತ್ರ್."

ದೊಡ್ಡಮ್ಮ ಬಂದು ಗೋಣಿ ಎತ್ತಿದಾಗಲೇ ನನಗೆ ಪ್ರಜ್ಞೆ ಬಂದದ್ದು. ಸಂಬಂಧ ಮುರಿದ ಹಾಗೆ, ಸುಮಕ್ಕ ನನ್ನನ್ನೇ ತುಂಡು ಮಾಡಿ ಮಸಾಲೆ ಹಚ್ಚಿದ ಹಾಗೆ, ಎಲ್ಲ ಒಟ್ಟಿಗೇ ಕಣ್ಣೆದುರು ಬಂತು. ಆ ಹಿರಿಯರ ಬೆನ್ನು ಹಿಡಿದು ಓಡಲು ಎದ್ದವನು ಬುಟ್ಟಿಗೆ ಎಡವಿ, ಬಂಗುಡೆಗಳ ಮೇಲೆ ಉದ್ದಕ್ಕೆ ಮಲಗಿದೆ.

"ಮಾಣಿ, ಏಳ್. ಕಾಲಡಿಗೆ ಎಂತ ಇತ್ತ್?"

"ದೊಡ್ಡಮ್ಮಾ, ಬೈಂದೂರಿನವ್ರ್..."

"ಅವ್ರ್ ಬಪ್ಪುಕೆ ಇನ್ನೂ ಹೊತ್ತಿತ್ತ್. ನಾ ಕೇಂಡದ್ದ್ ಕಾಲಡಿಗೆ."

"ನೀರ್."

"ತಂಪಾ, ಬಿಸಿಯಾ?"

"ತಂಪ್."

"ಕೈಯಗೆ?"

ಬಿದ್ದಾಗ ಸಿಕ್ಕಿದ್ದನ್ನು ಹಿಡಿದುಕೊಂಡೇ ಎದ್ದಿದ್ದೆ. "ಬಂಗ್ಡೆ."

"ಹಂಗಾರೆ ಅದನ್ನ್ ಕೊಯ್ಯ್. ಊಟಕ್ಕೆ ಅದೇ."

ಕೊಯ್ದೆ. ಆಮೇಲೆ ಇನ್ನೊಂದು. ಕತ್ತಿಯ ತಂಪು, ನಲ್ಲಿಯ ಸದ್ದು, ಬೆರಳಿಗೆ ಅಂಟಿದ ಉಪ್ಪು. ಎದೆಯೊಳಗೆ ಬಾರಿಸುತ್ತಿದ್ದ ಚೆಂಡೆ ಯಾವಾಗ ನಿಂತಿತೋ ತಿಳಿಯಲಿಲ್ಲ. ನನ್ನ ತಲೆ ಮೇಲೆ ಕೂತಿದ್ದ ನೆಂಟರೆಲ್ಲ ಇಳಿದು ಬೈಂದೂರು ಬಸ್ಸಿನಲ್ಲಿ ತಮ್ಮ ತಮ್ಮ ಸೀಟಿಗೆ ಹೋಗಿ ಕೂತರು.

ಮಧ್ಯಾಹ್ನ ಮನೆಯಲ್ಲಿ ಬಂಗುಡೆ ಸಾರು ಕುದಿಯುವ ಹೊತ್ತಿಗೆ ಬೈಂದೂರಿನವರು ಬಂದೇ ಬಿಟ್ಟರು. ಎಲ್ಲರಿಗಿಂತ ಮುಂದೆ ಹುಡುಗನ ಸೋದರಮಾವ. ಬಿಳಿ ಪಂಚೆ. ಕೈಯಲ್ಲಿ ನಮ್ಮ ಅಂಜಲ್! ನಾನು ಬಾಗಿಲ ಹಿಂದೆ ಸರಿದೆ. ಆದರೆ ಅಡಗಿಕೊಳ್ಳುವಾಗ ಹೊಟ್ಟೆಯನ್ನೂ ಒಳಗೆ ಎಳೆದುಕೊಳ್ಳಬೇಕು ಎಂಬ ತಿಳಿವಳಿಕೆ ನನಗಿರಲಿಲ್ಲ.

"ಓ, ಮರ್ಯಾದಿ ಮಾಣಿ! ನೀ ಈ ಮನಿಯವ್ನಾ? ನಿಮ್ಮನಿ ಮೀನ್ ನನ್ ಕೈಯಗೇ ಹೊರ್ಸಿದ್ಯಾ?"

ಕಥೆ ಕೇಳಿ ಮನೆ ತುಂಬ ನಗು. ಆ ಮಾವ ಅಂಜಲನ್ನು ಮುಟ್ಟದೆ ಬಂಗುಡೆ ಸಾರನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು, ಪ್ರತಿ ಸಲವೂ "ಮಾಣಿ, ನಾ ಮುಖ ತಿರ್ಗ್ಸಿದ್ನಾ ಕಾಣ್" ಎಂದರು. ಕೈ ತೊಳೆಯುವ ಮೊದಲೇ ಮದುವೆ ಗಟ್ಟಿಯಾಯಿತು.

ದೊಡ್ಡಮ್ಮನ ಮಂತ್ರವನ್ನು ನಾನು ಆಮೇಲೆ ಡ್ರೈವಿಂಗ್ ಟೆಸ್ಟಿನಲ್ಲೂ ಬಳಸಿದೆ. ಕಾಲಡಿಗೆ ಎಂತ ಇತ್ತ್ ಎಂದು ಕೇಳಿಕೊಂಡೆ. ಬ್ರೇಕ್ ಎಂದು ಉತ್ತರ ಬಂತು. ಇದ್ದದ್ದು ಆಕ್ಸಿಲರೇಟರ್. ಅದು ಮಂತ್ರದ ತಪ್ಪಲ್ಲ.

ಈಗ ದೊಡ್ಡಮ್ಮ ಬೈಂದೂರಿನಲ್ಲಿ ಮೊಮ್ಮಗಳನ್ನು ಆಡಿಸಿಕೊಂಡಿದ್ದಾರೆ. ಮಾರ್ಕೆಟ್ಟಿನ ಅವರ ಜಾಗದಲ್ಲಿ ನಾನು ಕೂರುತ್ತೇನೆ. ತಂಬಿಗೆ ಅಲ್ಲೇ ಇದೆ. ಗಿರಾಕಿಗಳ ಗಲಾಟೆ ಏರಿದಾಗ ಪಾದಕ್ಕೆ ನೀರು ಹೊಯ್ದುಕೊಳ್ಳುತ್ತೇನೆ. ಕೆಲವೊಮ್ಮೆ ಗಿರಾಕಿಯ ಪಾದಕ್ಕೂ ಬೀಳುತ್ತದೆ.

ಮೊನ್ನೆ ಅವರನ್ನು ನೋಡಲು ಹೋಗಿದ್ದೆ. ಹೊರಡುವಾಗ ಸುಮಕ್ಕ ಮಗುವನ್ನು ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ಬಂದಳು. "ದೊಡ್ಡಮ್ಮಂಗೆ ಹೆದ್ರಿಕೆ ಅಂದ್ರೆ ಎಂತ ಅಂದೇ ಗೊತ್ತಿಲ್ಲೆ ಅಲ್ದಾ ಅಕ್ಕ? ಕಲ್ಲ್!" ಎಂದೆ.

ಸುಮಕ್ಕ ನಕ್ಕ ನಗೆಗೆ ಮಗುವೂ ನಕ್ಕಿತು.

"ಕಲ್ಲಾ? ನೀ ಅಂಜಲ್ ಮಾರಿದ್ ದಿವ್ಸ ಮನಿಗ್ ಬಂದ್ ಕಾಯಿ ತುರಿಯುಕೆ ಕೂಕಂಡ್ರೆ ಅಮ್ಮನ್ ಕೈಯಗೆ ಕಾಯಿ ನಿಲ್ಲಲಿಲ್ಲೆ, ಹಂಗೆ ನಡ್ಗುತಿತ್ತ್. ಕಡೆಗೆ ತುರ್ದದ್ದ್ ನಾನ್. ಕಾಲಡಿಗೆ ಎಂತ ಅಂದ್ ಕೇಂಡದ್ದ್ ನಿನ್ ಹತ್ರ ಅಂದ್ ಮಾಡಿದ್ಯಾ? ಅಮ್ಮ ತನ್ ಹತ್ರವೇ ಕೇಂಡ್ಕಂಡದ್ದ್ ಮಾರಾಯಾ. ನೀ ಮಧ್ಯ ಬಾಯಿ ಹಾಕಿ ಉತ್ರ ಕೊಟ್ಟದ್ದ್!"