ಕೊತ್ತಂಬರಿ ನಾರು ಮತ್ತು ಗೌಡ್ರು

ಕೊತ್ತಂಬರಿ ಸಿವುಡಿಗೆ ಕಟ್ಟಿದ ನಾರು ಹರಿಯುವಾಗ ಒಂದು ಸದ್ದಾಗುತ್ತದೆ, ನೀವು ಕೇಳಿರಲಿಕ್ಕಿಲ್ಲ. ನನಗೂ ಅರ್ಧ ಆಯುಷ್ಯ ಕೇಳಿಸಿರಲಿಲ್ಲ. ಆದರೆ ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿ ರಟ್ಟಿನ ಡಬ್ಬಿಗೆ ಒರಗಿ ಕೂತಿರುತ್ತಿದ್ದ ಗಿನಿಪಿಗ್‌ಗೆ ಅಡುಗೆಮನೆಯ ಆ ಸೂಕ್ಷ್ಮನಾದ ಕೇಳಿಸಿ, ಅದು ಮುಂಗಾಲೆತ್ತಿ ನಿಂತು ‘ಕುಂಯ್, ಕುಂಯ್’ ಎಂದು ಇಡೀ ಓಣಿಗೆ ಸಾರುತ್ತಿತ್ತು. ಕಚೇರಿಯಿಂದ ಬಂದು ನಾನು ಬಾಗಿಲಲ್ಲಿ ಕೆಮ್ಮಿದರೂ, ಚಪ್ಪಲಿ ಬಡಿದರೂ ಯಾರೂ ತಲೆಯೆತ್ತದ ಮನೆಯಲ್ಲಿ ಇಂಥ ಶ್ರವಣಶಕ್ತಿಯ ಜೀವವೊಂದಿದೆಯಲ್ಲ ಎಂದು ನನಗೆ ಅಸೂಯೆಯೂ ಬೆರಗೂ ಒಟ್ಟಿಗೇ ಆಗುತ್ತಿದ್ದವು.

ಮಗಳು ಅದನ್ನು ಗಂಗಾವತಿಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಬಾಲವಿಲ್ಲದ, ಕುತ್ತಿಗೆಯಿಲ್ಲದ, ಸದಾ ಬಾಯಾಡಿಸುವ ಆ ಮೂರ್ತಿಯನ್ನು ಕಂಡು ನಮ್ಮವ್ವ ‘ಇಲಿಗೆ ಯಾರರ ಕೂಳು ಹಾಕ್ತಾರೇನು’ ಎನ್ನಬೇಕಿತ್ತು. ಅನ್ನಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಮಾತೇ ಬಿಟ್ಟಿದ್ದಳು. ಕರೆದರೆ ನೋಡುತ್ತಿದ್ದಳು, ಕೊಟ್ಟರೆ ಉಣ್ಣುತ್ತಿದ್ದಳು, ಅಷ್ಟೇ. ಹಾಗಿರುವಾಗ ಒಂದು ಮುಂಜಾನೆ ಅವ್ವ ಕೊತ್ತಂಬರಿ ಸೋಸಲು ಕೂತಳು. ಇದು ಕೂಗಿತು, ಮತ್ತೆ ಕೂಗಿತು. ‘ತಡೀರಿ ಗೌಡ್ರ, ಕೊಡ್ತೀನಿ’ ಎಂದಳು ಅವ್ವ. ನನ್ನ ಹೆಂಡತಿ ತುಂಬಿದ ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟಳು. ಮಕ್ಕಳು, ಬೀಗರು, ಊರ ಹಿರಿಯರೆಲ್ಲ ಸೇರಿ ತೆಗೆಸಲಾರದ ಬಾಯನ್ನು ಈ ಗೇಣುದ್ದದ ಪ್ರಾಣಿ ತೆಗೆಸಿತ್ತು. ಅಂದಿನಿಂದ ಅದು ಗೌಡ್ರು. ಅವ್ವನ ಆ ಬಹುವಚನ ತಾಲೂಕು ಕಚೇರಿಯ ಗುಮಾಸ್ತನಾದ ನನಗೆ ಇಂದಿಗೂ ದಕ್ಕಿಲ್ಲ.

ಮೊನ್ನೆ ಗೌಡ್ರು ಹೋದರು. ನಾರು ಹರಿದರೂ ಏಳಲಿಲ್ಲ. ಮಗಳು ಅತ್ತಳು. ನನಗೆ ಹತ್ತಿದ್ದು ಅವ್ವನ ಬಗೆಗಿನ ಅಂಜಿಕೆ: ಮತ್ತೆ ಮೊದಲಿನಂತೆ ಮೂಕಳಾಗಿಬಿಟ್ಟರೆ? ಆ ಗಡಿಬಿಡಿಯಲ್ಲಿ, ಕಸದ ಗಾಡಿ ಬರುವ ಹೊತ್ತಾಯಿತು, ಅದರಲ್ಲಿ ಕಳಿಸಿಬಿಡೋಣ ಎಂದೆ; ಬುದ್ಧಿವಂತನ ಮಾತು ನೋಡಿ.

ಅವ್ವ ನನ್ನತ್ತ ನೋಡಲೂ ಇಲ್ಲ. ಟ್ರಂಕಿನಿಂದ ಅಪ್ಪ ತಲೆಗೆ ಸುತ್ತುತ್ತಿದ್ದ ರುಮಾಲು ತೆಗೆದು, ಅದರ ತುದಿ ಹರಿದು, ಆ ತುಂಡಿನಲ್ಲಿ ಗೌಡ್ರನ್ನು ಸುತ್ತಿಕೊಂಡು ಮಂಗಳೂರಿನ ಬಸ್ಸಿಗೆ ನಡೆದಳು. ಸಮುದ್ರದ ಮಂಗಳೂರಲ್ಲ, ನಮ್ಮ ಸೀಮೆಯದು, ನಮ್ಮ ಹೊಲವಿರುವ ಊರು. ಹಿಂದೆ ನಾನು. ನಮ್ಮ ಮನೆತನದಲ್ಲಿ ದುಡಿದ ಎತ್ತು ಸತ್ತರೆ ಮಾರುವುದಿಲ್ಲ, ಬಿಸಾಡುವುದಿಲ್ಲ. ಅದು ಉತ್ತ ಹೊಲದ ಬದುವಿನಲ್ಲೇ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು ಮಣ್ಣು ಕೊಡುತ್ತೇವೆ. ನಮ್ಮ ಕೊನೆಯ ಎತ್ತು ಮಲಗಿರುವ ಮಗ್ಗುಲಿಗೇ ತಗ್ಗು ತೋಡೆಂದು ಅವ್ವ ಕೈ ತೋರಿಸಿದಳು. ಇದೇನು ಎತ್ತಲ್ಲವಲ್ಲ, ಒಂದು ದಿನವೂ ದುಡಿದದ್ದಿಲ್ಲವಲ್ಲ ಎಂದೆ.

‘ನನ್ನ ಬಾಯಿ ತಗಸಿದ್ದು ಯಾರು? ಅದು ದುಡಿಮಿ ಅಲ್ಲೇನು?’

ಸಲಿಕೆ ಹಿಡಿದು ತಗ್ಗು ತೋಡಿದೆ. ಸಮುದ್ರದಾಚೆಯ ಯಾವುದೋ ಪರ್ವತಪ್ರಾಂತದ ವಂಶಜರಾದ ಗೌಡ್ರು, ನಮ್ಮ ಎರೆಮಣ್ಣಿನಲ್ಲಿ, ಎತ್ತಿನ ಮಗ್ಗುಲಿಗೆ, ಅಪ್ಪನ ರುಮಾಲು ಹೊದ್ದು ಮಲಗಿದರು. ಇದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ; ನನಗೆ ಸಿಕ್ಕೀತೆಂಬ ಭರವಸೆಯೂ ಇಲ್ಲ.

ಬರುವಾಗ ಬಸ್ಸಿನಲ್ಲಿ ಅವ್ವ ಮಾತಾಡಲಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ. ಮರುದಿನ ಮುಂಜಾನೆ ಅಡುಗೆಮನೆಯಲ್ಲಿ ನಾರು ಹರಿಯಿತು. ನನಗೀಗ ಅದು ಕೇಳಿಸುತ್ತದೆ. ಮನೆಮಂದಿಯೆಲ್ಲ ಉಸಿರು ಹಿಡಿದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ, ಹಲ್ಲಿಲ್ಲದ ಬಾಯಿಂದ, ಸಣ್ಣಗೆ ಬಂತು: ‘ಕುಂಯ್.’

ಮಗಳು ಓಡಿಹೋಗಿ ಬಾಗಿಲಲ್ಲಿ ಇಣುಕಿದಳು. ‘ಏನ್ ನೋಡ್ತಿ? ಬಾ, ಸೋಸು’ ಎಂದಳು ಅವ್ವ.