ಜೀಪಿನ ಹೊಕ್ಕಳ

ನನ್ನ ನೋಡಾಕ ಬಂದ ಗಂಡು ಮದ್ಲ ನನ್ನ ನೋಡ್ಲಿಲ್ಲ, ಸೀದಾ ಜೀಪಿನ ಕೆಳಗ ಹೊಕ್ಕ. ನಾನೂ ಅವನ ಮಾರಿ ಮದ್ಲ ನೋಡ್ಲಿಲ್ಲ. ಕಿಟಕ್ಯಾಗಿಂದ ನನಗ ಕಂಡಿದ್ದು ಜೀಪಿನ ಹಿಂದ ಚಾಚಿದ ಎರಡು ಕಾಲು.

ನಿಜಾಮನ ರಾಜ್ಯ ಹೋಗಿ ಎರಡು ತಿಂಗಳಾಗಿತ್ತು. ಮಾದನಹಿಪ್ಪರಗಾದಾಗ ನಮ್ಮದು ಗಾಣದ ಮನಿ, ಕುಸುಬಿ ಎಣ್ಣಿ ತಗೀತಿದ್ವಿ. ಬೀಗರು ಬರ್ತಾರಂತ ನಾನು ಬೆಳಿಗ್ಗೆ ಅಂಗಳ ಸಾರಿಸಿ, ಸೊಂಟ ನೋಯೂತನಾ ಬಗ್ಗಿ ರಂಗೋಲಿ ಹಾಕಿದ್ದೆ. ಆ ಪುಣ್ಯಾತ್ಮ ಅದರ ಮ್ಯಾಲೇ ಗಾಡಿ ತಂದು ನಿಲ್ಸಿದ. ನಿಲ್ಸಿದ್ರ ನಿಲ್ಸಲಿ, ಗಾಡಿ ಹೊಟ್ಯಾಗಿಂದ ಕರ್ರನ ಎಣ್ಣಿ ತೊಟ್ ತೊಟ್ ಅಂತ ನನ್ನ ರಂಗೋಲಿ ಮ್ಯಾಲ ಬೀಳಾಕತ್ತು.

"ಇದರ ಹೆಣಾ ಎತ್ತಲಿ!" ಅಂದೆ.

"ಬಾಯಿ ಮುಚ್ಚ ಬೇ, ಬೀಗರು ಕೇಳ್ತಾರ" ಅಂತ ಅವ್ವ ತೋಳು ಚಿವುಟಿದ್ಲು.

ಅವ ಅಫಜಲಪುರದವ, ಜೇವರ್ಗಿ ಧಣಿಯವರ ಜೀಪಿಗೆ ಡ್ರೈವರ್. ಜೊತಿಗೆ ಅವನ ತಾಯಿ, ಒಬ್ಬ ಮುದುಕ ಸೋದರಮಾವ. ಪಡಸಾಲ್ಯಾಗ ಕುಂತು ಆ ತಾಯಿ ನಮ್ಮಪ್ಪನ ಮುಂದ ಎಲ್ಲಾ ದುಃಖ ತೋಡಿಕೊಂಡ್ಲು. ನಾನು ಕದದ ಸಂದ್ಯಾಗ ಕಿವಿ ಇಟ್ಟಿದ್ದೆ.

ಜಗತ್ತಿನ ದೊಡ್ಡ ಲಡಾಯಿ ಮುಗದ ಮ್ಯಾಲ ಮಿಲಿಟರಿಯವ್ರು ಹರಾಜಿಗೆ ಹಾಕಿದ ಹಳೇ ಗಾಡಿ ಅದು. ಬ್ಯಾರೆ ಮೋಟಾರಿಗೆ ಹಿಂದಿನ ಎರಡು ಗಾಲಿ ಎಳದ್ರ, ಇದಕ್ಕ ನಾಕೂ ಎಳಿತಾವಂತ. ಎರಿ ನೆಲದ ರಾಡ್ಯಾಗೂ ನಿಲ್ಲಂಗಿಲ್ಲಂತ. ಆದ್ರ ಹಿಂದಿನ ಅಚ್ಚಿನ ನಡುವ ಕುಂಬಳಕಾಯಿಯಷ್ಟು ದಪ್ಪನ ಒಂದು ಕಬ್ಬಿಣದ ಗಂಟು ಅದ, ಅದರ ಹೆಸರು ಡಿಫರೆನ್ಶಿಯಲ್. ಒಳಗ ಹಲ್ಲಿನ ಚಕ್ರ ಎಣ್ಯಾಗ ಮುಳುಗಿ ತಿರಗತಾವ. ಆ ಎಣ್ಣಿ ಒಳಗ ನಿಲ್ಲವಲ್ದು. ಆಳಂದದ ಮಿಸ್ತ್ರಿ ಎರಡು ಸಲ ಬಿಚ್ಚಿ ಎಣ್ಣಿ ತಡಿಯೋ ಸೀಲು ಬದಲಿ ಮಾಡಿದ್ರೂ ಅದ ಹಾಡು. ಇವತ್ತೂ ಅಲ್ಲಿಂದನ ಬಂದಿದ್ರು.

"ಸಂಜಿಗೆ ಜೇವರ್ಗಿ ಮುಟ್ಟಬೇಕ್ರಿ" ಅಂದ್ಲು ಆ ತಾಯಿ. "ಧಣಿಯವರ ಮನಿ ಮುಂದ ಹಾಸುಗಲ್ಲಿನ ಮ್ಯಾಲ ನಿಲ್ಸಬೇಕಂತ. ಒಂದು ಹನಿ ಬಿದ್ರ ಕೀಲಿ ಇಟ್ಟು ನಡಿ, ಎತ್ತಿನ ಹಗ್ಗ ಹಿಡಿ ಅಂದಾರ. ಇವ ಎತ್ತು ಮರತು ಎರಡು ವರ್ಷಾತ್ರಿ. ಎತ್ತೂ ಇವನ್ನ ಮರತಾವ!" ಅಂತ ಸೆರಗು ಕಣ್ಣಿಗೆ ಒತ್ತಿಕೊಂಡ್ಲು.

ಅಳು ಅವರದು, ಅಂಗಳ ನನ್ನದು. ಎಲ್ಲಾರೂ ಒಳಗ ಚಹಾ ಕುಡ್ಯಾಕತ್ತಾಗ ನಾನು ಹಿತ್ತಲ ಬಾಗಿಲಿಂದ, ಎಣ್ಣಿ ಕೆಳಗ ಇಡಾಕಂತ ಒಂದು ಅಗಲನ ಪರಾತ ಹಿಡಕೊಂಡು ಹೊರಗ ಹೋದೆ. ಎಣ್ಣಿ ಯಾರದರ ಇರ್ಲಿ, ನೆಲಕ್ಕ ಬಿದ್ರ ಗಾಣದ ಮನಿ ಮಗಳಿಗೆ ಹೊಟ್ಟಿ ಉರಿತದ. ಬಗ್ಗಿ ನೋಡಿದ್ರ, ರಂಗೋಲಿ ಮ್ಯಾಲ ಅವನ ರುಮಾಲು ಇತ್ತು. ಹೆಣ್ಣು ನೋಡಾಕಂತ ಸುತ್ತಿಕೊಂಡು ಬಂದ ಹೊಸಾ ರುಮಾಲು ಬಿಚ್ಚಿ, ನಾಕು ಮಡಿಕಿ ಮಾಡಿ ಎಣ್ಣಿ ಬೀಳೋ ಜಾಗಕ್ಕ ಇಟ್ಟಿದ್ದ. ಅರ್ಧ ಕರ್ರಗಾಗಿತ್ತು. ಅಷ್ಟು ಸಿಟ್ಟಿನ್ಯಾಗೂ ನನಗ ಅವನ ಮ್ಯಾಲ ಜೀವ ಬಂತು, ಸುಳ್ಯಾಕ ಹೇಳ್ಲಿ.

ಬೆರಳಿಟ್ಟು ನೋಡಿದೆ, ಎಣ್ಣಿ ಇನ್ನಾ ಬಿಸಿ ಇತ್ತು. ಅಚ್ಚಿನ ಮ್ಯಾಲ ಹೆಬ್ಬಟ್ಟಿನಷ್ಟು ಒಂದು ಗುಂಡಿ, ಅದರ ಮ್ಯಾಲ ಗಾರಿ ಹಂಗ ಬೆಳ್ಳನ ಹೆಕ್ಕಳಿಕಿ. ಮೂಸಿದೆ. ಇಂಗು! ಜೀಪಿಗೆ ಇಂಗ್ಯಾಕ?

ತಟ್ನ ಅಪ್ಪನ ಡಬ್ಬಿ ನೆನಪಾತು. ಗಾಣದಿಂದ ಇಳಿಸಿದ ಬಿಸಿ ಎಣ್ಣಿ ಡಬ್ಬ್ಯಾಗ ತುಂಬಿ, ಒಂದ್ಸಲ ನಾನು ಬಾಯಿಗೆ ಮೇಣ ಮೆತ್ತಿ ಬಿಸಲಿಗೆ ಇಟ್ಟಿದ್ದೆ. ಉಸಿರಾಡಾಕ ಜಾಗ ಇಲ್ಲದ ಎಣ್ಣಿ ಬೆಸುಗಿ ಸಂದ್ಯಾಗಿಂದ ಜಿನುಗಿ ಕೊಟ್ಟಿಗಿ ತುಂಬಾ ಹರದಿತ್ತು. ಅಪ್ಪ ಬೈದ ಬೈಗುಳ ಇನ್ನಾ ಕಿವ್ಯಾಗ ಇತ್ತು.

ಆಮ್ಯಾಲ ನನ್ನ ಕರದು ಕುಂಡ್ರಿಸಿದ್ರು. ಸೋದರಮಾವ ಪದ್ಧತಿ ಪ್ರಕಾರ ಕೇಳಿದ, "ಏನರ ಕೇಳೋದದೇನವ್ವಾ?" ಅದಕ್ಕ ಹುಡುಗಿ ತಲಿ ಬಗ್ಗಿಸಿ ಇಲ್ಲ ಅನ್ನಬೇಕು, ಅಷ್ಟ. ನಾನು ಇಲ್ಲ ಅಂದ್ರ ಸಂಜಿಗೆ ಅವನ ಕೈಯಾಗಿನ ಕೀಲಿ ಹೋಗ್ತದ. ಬಾಯಿ ತೆರದ್ರ ಈ ಸಂಬಂಧ ಹೋಗ್ತದ.

"ಜೀಪಿಗೆ ಇಂಗು ಹಚ್ಚಿದವ್ರು ಯಾರ್ರಿ?" ಅಂದೆ.

ಅವ್ವ ಹಣಿ ಬಡಕೊಂಡ್ಲು.

"ನಾನ ಹಚ್ಚೇನಿ, ಯಾಕ?" ಅಂದ್ಲು ಆ ತಾಯಿ. "ದಸರಾದಾಗ ದೃಷ್ಟಿ ಆಗಬಾರದಂತ ಅದರ ಹೊಕ್ಕಳಕ್ಕ ವಿಭೂತಿ ಹಚ್ಚಿದೆ. ಸೋರಾಕತ್ತು. ಕೂಸಿಗೆ ಹೊಟ್ಟಿ ಕೆಟ್ರ ಹಚ್ತೇವಲ್ಲ, ಹಂಗ ಇಂಗು, ಔಡಲೆಣ್ಣಿ ಕಲಸಿ ಹಚ್ಚಿದೆ. ಮತ್ತ ಸೋರ್ತು, ಇನ್ನಾ ದಪ್ಪ ಹಚ್ಚಿದೆ."

"ಅದು ಹೊಕ್ಕಳಲ್ರಿ ಅತ್ಯಾ, ಗಾಡಿ ಉಸಿರಾಡೋ ಮೂಗು. ಓಡಿ ಓಡಿ ಎಣ್ಣಿ ಬಿಸಿ ಆಗ್ತದ, ಮೂಗು ಮುಚ್ಚಿದ್ರ ಸಿಕ್ಕಲ್ಲಿಂದ ಹೊರಗ ಬರ್ತದ."

'ಅತ್ಯಾ' ಅಂದುಬಿಟ್ಟಿದ್ದೆ, ಮಾತಿನ್ನಾ ಪಕ್ಕಾ ಆಗಿದ್ದಿಲ್ಲ. ನೆಲ ಬಾಯಿ ಬಿಡಬಾರದೇನಪ್ಪಾ ಅನಿಸ್ತು. ಆ ತಾಯಿ ನನ್ನ ದಿಟ್ಟಿಸಿ ನೋಡಿದ್ಲು. ತುರುಬಿಗೆ ಕೈ ಹಾಕಿ ಒಂದು ಪಿನ್ನು ಕಿತ್ತು ಮುಂದ ಹಿಡದ್ಲು. "ಬಾ ಬೇ, ತೋರ್ಸು ನಡಿ."

ರೇಷ್ಮಿ ಸೀರಿ ಉಟಗೊಂಡು ಇಬ್ಬರೂ ಜೀಪಿನ ಕೆಳಗ ಹೊಕ್ವಿ. ನಾನು ಇಂಗು ಕೆರದೆ, ಆಕಿ ಒಳಗಿನ ತೂತಿಗೆ ಪಿನ್ನು ಚುಚ್ಚಿದ್ಲು. 'ಫುಸ್ಸ್' ಅಂತು ನೋಡ್ರಿ, ಗಾಡಿ ಉಸಿರು ಬಿಟ್ಟಿದ್ದು ಪಡಸಾಲಿಗೂ ಕೇಳಿಸ್ತು. ಸೋರಿ ಹೋದಷ್ಟು ಎಣ್ಣಿ ಅವ ತನ್ನ ಡಬ್ಬ್ಯಾಗಿಂದ ಹಾಕಿದ. ಅಪ್ಪ ಕುಸುಬಿ ಎಣ್ಣಿ ಕೊಡ್ತೇನಂದ್ರ ಬ್ಯಾಡ್ರಿ ಅಂತ ಕೈ ಮುಗದ. ಬಾಜೂ ಊರು ಸರಸಂಬಾ ತನಾ ಓಡಿಸಿಕೊಂಡು ಬಂದು ಅಪ್ಪನ ಬಿಳಿ ಧೋತರದ ಮ್ಯಾಲ ನಿಲ್ಸಿದ್ವಿ. ಒಂದು ಹನಿ ಇಲ್ಲ.

ಮೂರು ದಿನಕ್ಕ ಅವನ ಬಂದು ಹೇಳಿದ. ಧಣಿಯವರು ಜೇವರ್ಗಿಯೊಳಗ ಮೊಣಕಾಲೂರಿ ಹಾಸುಗಲ್ಲು ಸವರಿ ನೋಡಿದ್ರಂತ, ಅಂಗೈಗೆ ಒಂದಿಷ್ಟೂ ಎಣ್ಣಿ ಹತ್ತಿದ್ದಿಲ್ಲಂತ. ಕೀಲಿ ಅವನ ಹತ್ರನ ಉಳೀತು. ರುಮಾಲಿನ ಎಣ್ಣಿ ಕಲಿ ಮಾತ್ರ ಹೋಗಲಿಲ್ಲ. ಅದನ್ನ ತಲಿಗೆ ಸುತ್ತಿಕೊಂಡು ನನಗ ತಾಳಿ ಕಟ್ಟಿದ.

ನಮ್ಮ ಮದ್ಲನೇ ಕೂಸು ಹೊಟ್ಟಿ ನೋವಿಗೆ ಕಿರೋ ಅಂತ ಅಳಾಕತ್ತಾಗ, ನಮ್ಮತ್ತಿ ಇಂಗು, ಔಡಲೆಣ್ಣಿ ಕಲಸಿಕೊಂಡು ಬಂದ್ಲು. ಹೊಕ್ಕಳದ ತನಾ ಬೆರಳು ಒಯ್ದು ಹಂಗ ನಿಂತ್ಲು. ಯಾರ ಮಾತೂ ಕೇಳದಾಕಿ, ನನ್ನ ಮಾರಿ ನೋಡಿ ಸಣ್ಣ ದನಿಲೆ ಕೇಳಿದ್ಲು: "ಬೇ, ಹಚ್ಚಲೇನು?"

ನನ್ನ ಕಣ್ಣಾಗ ನೀರು ಬಂತು, ನಗಿನೂ ಬಂತು.

"ಹಚ್ರಿ ಅತ್ಯಾ" ಅಂದೆ. "ಇದಕ್ಕ ಮೂಗು ಬ್ಯಾರೆ ಅದ."